ಜಾಗ ಬಿಟ್ಟ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಸರ್ಕಾರದ ಕಾಗದದ ಪ್ರಕಾರ ಅವರು ಸತ್ತದ್ದು ತಮ್ಮದೇ ತಪ್ಪಿನಿಂದ. ಊರ ಹಂದಿಬೇಟೆಯಲ್ಲಿ ತಮಗೆ ಗೊತ್ತುಮಾಡಿದ್ದ ಜಾಗವನ್ನು ಯಾರಿಗೂ ಹೇಳದೆ ಬಿಟ್ಟು ಕೋವಿಯ ಎದುರಿಗೆ ಓಡಿ ಬಂದರು, ಈಡು ತಗಲಿತು ಎಂದು ಅದರಲ್ಲಿ ಬರೆದಿದೆ. ಕೆಳಗೆ ಐದು ಜನ ಸಾಕ್ಷಿಗಳು. ಮೂವರದು ಹೆಬ್ಬೆಟ್ಟು, ಒಬ್ಬರದು ಕನ್ನಡ ರುಜು, ಒಂದು ಇಂಗ್ಲಿಷ್ ರುಜು. ಇಂಗ್ಲಿಷಿನದು ನನ್ನದು. ಹಾಗೆ ರುಜು ಹಾಕುವುದನ್ನು ನನಗೆ ಕಲಿಸಿದವರು ಅವರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಆ ಹೆಸರು ಹೇಳಿದರೆ ಈಗ ಜನಕ್ಕೆ ನೆನಪಾಗುವುದು ಒಂದೇ ಸಂಗತಿ. "ಓ, ಆ ಜಾಗ ಬಿಟ್ಟ ಮೇಷ್ಟ್ರಲ್ವಾ?" ಎನ್ನುತ್ತಾರೆ. ಹದಿನೆಂಟು ವರ್ಷ ಪಾಠ ಹೇಳಿದ ಮನುಷ್ಯನಿಗೆ ಊರು ಕೊಟ್ಟ ಬಿರುದು ಇದು.

ಅವರು ಅರಕಲಗೂಡಿನ ಕಡೆಯವರು. ಸೋಮವಾರಪೇಟೆಯಿಂದ ಆಚೆಗಿದ್ದ ನಮ್ಮ ಹೈಸ್ಕೂಲಿಗೆ ಗಣಿತ, ಭೂಗೋಳ ಹೇಳಲು ಬಂದು, ಸ್ಕೂಲಿಗೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ ಬಾಡಿಗೆ ಮನೆ ಹಿಡಿದರು. ಕುಳ್ಳು ಆಳು. ಹಣೆಯಲ್ಲಿ ವಿಭೂತಿ, ಮೈಮೇಲೆ ಕರಿ ಕೋಟು, ಕೋಟಿನ ಎರಡೂ ಜೇಬಿನಲ್ಲಿ ಸುಣ್ಣದಕಡ್ಡಿಯ ಚೂರು. ಬೆಳಿಗ್ಗೆ ನಮ್ಮನ್ನೆಲ್ಲ ಮುಂದೆ ಬಿಟ್ಟುಕೊಂಡು ಹಿಂದೆ ನಡೆದು ಬರುತ್ತಿದ್ದರು, ಕುರಿ ಹೊಡೆದುಕೊಂಡು ಬರುವವರ ಹಾಗೆ. "ಮುಂದೆ ಹೋದ್ರೆ ನಿಮ್ಮಲ್ಲಿ ಯಾರು ತೋಟದೊಳಗೆ ನುಗ್ಗಿದ್ರಿ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು?" ಎನ್ನುತ್ತಿದ್ದರು. ಕಿತ್ತಳೆಯ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು.

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಉತ್ತರ ಸರಿಯಿದ್ದರೂ ಸರಿ ಎನ್ನುತ್ತಿರಲಿಲ್ಲ. "ಹ್ಯಾಗೆ ಬಂತು?" ಎಂದು ಕೇಳಿ, ಹೇಳಿ ಮುಗಿಸುವ ತನಕ ಕಿಟಕಿಯ ಆಚೆ ನೋಡುತ್ತ ನಿಂತಿರುತ್ತಿದ್ದರು. ನಾನು ಎಲ್ಲದರಲ್ಲೂ ಮೊದಲಿಗ. ಇನ್ಸ್‌ಪೆಕ್ಟರು ಬಂದಾಗ ಎಬ್ಬಿಸಿ ನಿಲ್ಲಿಸುತ್ತಿದ್ದುದು ನನ್ನನ್ನೇ. ಆದರೂ ಒಮ್ಮೆ ಇಡೀ ತರಗತಿಯ ಎದುರಿಗೆ ಅಂದರು: "ನೀನು ಬುದ್ಧಿವಂತ ಅಲ್ಲ ಕಣೋ. ಹಾಕಿದ ಹುಲ್ಲನ್ನೆಲ್ಲ ತಿಂದು ಹೊಟ್ಟೇಲಿಟ್ಕೊಳ್ಳೋ ಹಸು. ಮೆಲುಕು ಹಾಕೋದು ಯಾವಾಗ?" ಆ ಮಾತಿಗೆ ಅವರ ಮೇಲೆ ಒಂದು ತಿಂಗಳು ಸಿಟ್ಟಿಟ್ಟುಕೊಂಡಿದ್ದೆ. ಈಗ ಮೂರು ವರ್ಷದಿಂದ ಮೆಲುಕು ಬಿಟ್ಟು ಬೇರೆ ಕೆಲಸವೇ ನನಗಿಲ್ಲ.

ನಮ್ಮ ತರಗತಿಯಲ್ಲಿ ಕನ್ನಡ ಮನೆಮಾತಾದವರು ಅರ್ಧಕ್ಕಿಂತ ಕಡಿಮೆ. ಎಸ್ಟೇಟಿನ ಕೂಲಿ ಲೈನಿನಿಂದ ಬರುವ ತಮಿಳು ಮಕ್ಕಳು, ಮಲಯಾಳ, ಕೊಡವ, ತುಳು, ಅರೆಭಾಷೆ, ಪೇಟೆಯ ಉರ್ದು. ಮೇಷ್ಟ್ರು ಅಷ್ಟೂ ಭಾಷೆಗಳಲ್ಲಿ ಒಂದರಿಂದ ನೂರು ಎಣಿಸುವುದನ್ನು ಕಲಿತಿದ್ದರು. ಬೇರೊಂದು ಪದ ಬರುತ್ತಿರಲಿಲ್ಲ, ಎಣಿಕೆ ಮಾತ್ರ. ಲೆಕ್ಕವನ್ನು ಮನಸ್ಸಿನೊಳಗೆ ಮಾಡುವುದು ಅವ್ವನ ಮಾತಿನಲ್ಲೇ ಎಂಬುದು ಅವರ ಸಿದ್ಧಾಂತ. ಹುಡುಗ ತುಟಿ ಅಲ್ಲಾಡಿಸುವುದನ್ನು ನೋಡಿ ಎಲ್ಲಿ ತಪ್ಪಿದ ಎಂದು ಹಿಡಿಯುತ್ತಿದ್ದರು. ಅವರ ಉಚ್ಚಾರಕ್ಕೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಂದು ಮಧ್ಯಾಹ್ನ ನೆರಳಿನಿಂದ ಮರದ ಎತ್ತರ ಕಂಡುಹಿಡಿಯುವುದನ್ನು ತೋರಿಸಲು ನಮ್ಮನ್ನು ಪಕ್ಕದ ಕಾಫಿ ಎಸ್ಟೇಟಿಗೆ ನುಗ್ಗಿಸಿದರು. ಸಿಲ್ವರ್ ಮರದ ಬುಡದಲ್ಲಿ ಹಗ್ಗ ಹಿಡಿದು ನಿಂತಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿ ಬಂದ, ಮಲಯಾಳದವನು.

"ಎಂದಾ, ಏನ್ ಮಾಷೇ ಇದು? ಮರ ಕಡಿಯೋಕೆ ಅಳತೆಯಾ?"

"ಮರ ಮುಟ್ಟಿಲ್ಲ ಮಹರಾಯ. ನೆರಳು ಅಳೀತಿದ್ದೀವಿ. ನೆರಳೂ ನಿಮ್ಮ ಎಸ್ಟೇಟಿಂದಾ?"

"ಮತ್ತೆ? ನೆರಳಿಗೇ ಅಲ್ವಾ ಮಾಷೇ ಮರ ನೆಟ್ಟಿದ್ದು! ನೆರಳು ಇಲ್ಲ ಅಂದ್ರೆ ಕಾಪಿ ಎಲ್ಲಿ?"

ಮೇಷ್ಟ್ರು ಹಗ್ಗ ಸುತ್ತುತ್ತ ನಕ್ಕರು. "ಸರಿಯಪ್ಪ, ಸರಿ. ಇವತ್ತು ಪಾಠ ಹೇಳಿದ್ದು ನೀನು." ಆ ಮನುಷ್ಯನಿಗೆ ಸಿಕ್ಕ 'ಸರಿ' ನನಗೆ ಆರು ವರ್ಷದಲ್ಲಿ ಸಿಗಲಿಲ್ಲ.

ಊರಿನವರಿಗೆ ಅವರು ಅಷ್ಟೇನೂ ಹಿಡಿಸಿರಲಿಲ್ಲ. ಯಾರಿಗೂ ಬಗ್ಗದ ಮನುಷ್ಯ. ಕೊಯ್ಲಿಗೆಂದು ಮಗನನ್ನು ಸ್ಕೂಲಿಗೆ ಕಳಿಸದಿದ್ದರೆ ಗದ್ದೆಗೇ ಬಂದು ಬದುವಿನ ಮೇಲೆ ನಿಲ್ಲುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ನಿಲ್ಲುತ್ತಿದ್ದರು, ಅಷ್ಟೆ. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋಗಿದ್ದ. ಎಸ್.ಎಸ್.ಎಲ್.ಸಿ. ಆದ ಮೇಲೆ ಗದ್ದೆ ನೋಡಿಕೊಳ್ಳಲಿ ಎಂದು ಅವ್ವನ ಆಸೆ. ಮೇಷ್ಟ್ರು ಮೂರು ಭಾನುವಾರ ನಮ್ಮ ಜಗಲಿಗೆ ಬಂದು ಕೂತರು. ಕಾಲೇಜಿನ ಸುದ್ದಿಯೇ ಎತ್ತಲಿಲ್ಲ. ಬೆಲ್ಲ, ನೀರು ತೆಗೆದುಕೊಂಡು, ಎಮ್ಮೆಯನ್ನು ನೋಡುತ್ತ ಕೂತಿದ್ದು ಎದ್ದುಹೋದರು. ಮೂರನೆಯ ವಾರ ಅವ್ವನಿಗೆ ಸಾಕಾಗಿ ಹೋಯಿತು. "ಬೈದಾದ್ರೂ ಬೈಬಾರ್ದಾ ಮೇಷ್ಟ್ರೇ! ಹಿಂಗೆ ಸುಮ್ಕೆ ಕೂತು ಯಾಕೆ ಜೀವ ತಿಂತೀರಾ? ಕರ್ಕೊಂಡ್ ಹೋಗಿ, ಎಲ್ಲಿಗೆ ಹಾಕ್ತೀರೋ ಹಾಕಿ." ಹಾಗೆ ನಾನು ಮೈಸೂರಿನ ಕಾಲೇಜು ಸೇರಿದೆ.

ಇನ್ನು ಬೇಟೆಯ ವಿಷಯ.

ಭತ್ತ ಹಾಲು ಕಟ್ಟುವ ಹೊತ್ತಿಗೆ ಹಂದಿಗಳು ಗದ್ದೆಗೆ ಇಳಿಯುತ್ತವೆ. ಆಗ ಊರು ಕೂಡಿ ಬೇಟೆ ಆಡುವುದು ನಮ್ಮಲ್ಲಿ ವಾಡಿಕೆ. ಒಲೆ ಹೊತ್ತುವ ಪ್ರತಿ ಮನೆಯಿಂದಲೂ ಒಬ್ಬ ಗಂಡಾಳು ಬರಬೇಕು. ಬಂದ ಮನೆಗೆ ಪಾಲು, ಬರದ ಮನೆಗೆ ಇಲ್ಲ. ಕೋವಿಯವರು ಕಾಡಿನ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಕೆಲವರು ಮೇಲಿನಿಂದ ಕೂಗುತ್ತ ಪೊದೆ ಬಡಿಯುತ್ತ ಹಂದಿಯನ್ನು ಇಳಿಸುತ್ತಾರೆ. ಕೋವಿ ಇಲ್ಲದ ಉಳಿದವರು ಎರಡು ಕೋವಿಗಳ ನಡುವೆ ಒಂದೊಂದು ಮರದ ಹಿಂದೆ ನಿಂತು, ಹಂದಿ ಪಕ್ಕಕ್ಕೆ ತಿರುಗಿದರೆ ಕೈತಟ್ಟಿ ಅಡ್ಡಗಟ್ಟಬೇಕು. ಹೊಡೆದವನಿಗೆ ತಲೆ ಮತ್ತು ಒಂದು ತೊಡೆ. ಬಿದ್ದ ಹಂದಿಯ ಬಾಲವನ್ನು ಮೊದಲು ಹಿಡಿದವನಿಗೆ ಪ್ರತ್ಯೇಕ ಪಾಲು, ಅದಕ್ಕೆ ಬಾಲದ ಪಾಲು ಎಂದೇ ಹೆಸರು. ಅದನ್ನು ಪಾಲು ಹಾಕುವಾಗ ಹೆಸರು ಕೂಗಿ ಕೊಡುತ್ತಾರೆ. ಹೊಡೆದವನಿಗಿಂತ ಹಿಡಿದವನ ಮಾತೇ ಊರಿನಲ್ಲಿ ಹೆಚ್ಚು ದಿನ ನಡೆಯುತ್ತದೆ.

ಮೇಷ್ಟ್ರು ಲಿಂಗ ಕಟ್ಟಿದವರು, ಮಾಂಸ ಮುಟ್ಟದವರು. "ನೀವು ಬಾಡಿಗೆಗಿರೋರು ಮೇಷ್ಟ್ರೇ, ಬರ್ಬೇಕಾಗಿಲ್ಲ" ಎಂದು ಪಟೇಲರು ಮೊದಲ ವರ್ಷ ಹೇಳಿ ಕಳಿಸಿದ್ದರಂತೆ. ಮೇಷ್ಟ್ರಿಗೆ ಅದು ಚುಚ್ಚಿತು. "ಯಾಕೆ, ನಮ್ಮನೇಲಿ ಒಲೆ ಹೊತ್ತಲ್ವಾ?" ಎಂದು ಮರುದಿನ ಎಲ್ಲರಿಗಿಂತ ಮೊದಲೇ ಬಂದು ನಿಂತರು. ತಮ್ಮ ಪಾಲನ್ನು ಗಂಡಾಳಿಲ್ಲದ ಮನೆಗೆ ಕೊಡಿಸಿದರು. ಗಂಡಾಳಿಲ್ಲದ ಮನೆ ನಮ್ಮದು. ನಾನು ಹೈಸ್ಕೂಲು ಮುಗಿಸುವ ತನಕ ತಿಂದ ಬೇಟೆಯ ಪಾಲೆಲ್ಲ ಮಾಂಸ ತಿನ್ನದ ಆ ಮನುಷ್ಯ ನಿಂತು ಸಂಪಾದಿಸಿದ್ದು.

ಒಂದು ವರ್ಷ ಪೊದೆ ಬಡಿಯುತ್ತಿದ್ದ ಒಬ್ಬನ ತೊಡೆಗೆ ಚರೆ ಹೊಕ್ಕಿತು. ಆಮೇಲೆ ಮೇಷ್ಟ್ರು ಬೇಟೆಗೂ ಹಾಜರಿ ಪಟ್ಟಿ ತಂದರು. ಹೊರಡುವ ಮುಂಚೆ ಹೆಸರು ಕೂಗುವುದು, ಯಾರು ಯಾವ ಮರ ಎಂದು ಬರೆದುಕೊಳ್ಳುವುದು. ಕೋವಿಯವರು ಎದುರಿಗೆ ಮಾತ್ರ ಹೊಡೆಯಬೇಕು, ಸಾಲಿನ ಉದ್ದಕ್ಕೆ ಕೋವಿ ತಿರುಗಿಸಬಾರದು. ಬಡಿಯುವವರೆಲ್ಲ ಹೊರಗೆ ಬಂದು, ಎಣಿಕೆ ಸರಿಹೋಗಿ, ತಾವು ಸೀಟಿ ಊದುವ ತನಕ ಯಾರೂ ಜಾಗ ಬಿಡಬಾರದು. ಜನ ನಕ್ಕರು. "ಹಂದಿಗೂ ಹಾಜರಿ ಹಾಕ್ಬಿಡಿ ಮೇಷ್ಟ್ರೇ, ತಪ್ಪಿಸ್ಕೊಂಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಸೋಣ" ಎಂದು ಪಟೇಲರ ತಮ್ಮ ಹಾಸ್ಯ ಮಾಡಿದ. ನಕ್ಕರೂ ಕೇಳಿದರು. ನಾಲ್ಕು ವರ್ಷ ಯಾರಿಗೂ ಒಂದು ಚರೆ ತಗಲಲಿಲ್ಲ.

ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ದಸರಾ ರಜೆಗೆ ಬಂದೆ. ನಮ್ಮ ಮನೆಯ ಗಂಡಾಳಾಗಿ ಆ ವರ್ಷದ ಬೇಟೆಗೆ ನಾನೇ ಹೋದೆ. ಮೈಸೂರಿನಲ್ಲಿ ಹೊಲಿಸಿದ ಪ್ಯಾಂಟು ಹಾಕಿಕೊಂಡಿದ್ದೆ. ಸೋದರಮಾವನ ಮಗ ಪುಟ್ಟಸ್ವಾಮಿ, ನನ್ನ ಓರಗೆಯವನು, ಕಂಡೊಡನೆ ಶುರುಮಾಡಿದ.

"ಏನ್ಲಾ, ದೊರೆ ಬಂದವ್ನೆ! ಹಂದಿಗೆ ಪಾಠ ಹೇಳೋಕ್ ಬಂದ್ಯಾ?"

"ನಿನಗೆ ಹೇಳೋದಕ್ಕಿಂತ ಸುಲಭ" ಎಂದೆ.

"ಬಾಲ ಹಿಡಿಯೋಕೆ ಇಂಗ್ಲೀಷು ಬ್ಯಾಡ ಕಣ್ಲಾ, ಗುಂಡಿಗೆ ಬೇಕು. ಮೈಸೂರಲ್ಲಿ ಅದನ್ನ ಮಾರ್ಕೊಂಡ್ ಬಂದಿದ್ದೀಯ."

ಸುತ್ತಲಿದ್ದವರು ನಕ್ಕರು. ಮೇಷ್ಟ್ರು ಪಟ್ಟಿಯಿಂದ ತಲೆಯೆತ್ತಿ ನನ್ನ ಮುಖವನ್ನು ನೋಡಿದರು. ತುಸು ಹೊತ್ತು ನೋಡಿದರು. ಆಮೇಲೆ ನನಗೆ ಒಂದು ನಂದಿ ಮರ ಕೊಟ್ಟರು. ನನ್ನ ಬಲಕ್ಕೆ ಪಟೇಲರ ತಮ್ಮನ ಜೋಡುನಳಿಗೆ ಕೋವಿ, ಎಡಕ್ಕೆ ಪಟೇಲರು, ಅವರಾಚೆಯ ಮರಕ್ಕೆ ಪುಟ್ಟಸ್ವಾಮಿ. ಮೇಷ್ಟ್ರು ಎಲ್ಲರಿಗೂ ಕಾಣುವಂತೆ ಹಿಂದಿನ ದಿಣ್ಣೆಯ ಬಂಡೆಯ ಮೇಲೆ.

ಹಂದಿ ಬಂದದ್ದು ಹತ್ತು ಗಂಟೆಯ ಬಿಸಿಲಿಗೆ. ಪಟೇಲರು ಹೊಡೆದರು. ನನ್ನ ಮುಂದೆ ಮೂವತ್ತೆಂಟು ಹೆಜ್ಜೆ ದೂರದಲ್ಲಿ ಅದು ಜರಿಗಿಡಗಳ ನಡುವೆ ಮುಗ್ಗರಿಸಿ, ಒಂದು ಸಲ ಕಾಲು ಝಾಡಿಸಿ, ಸುಮ್ಮನಾಯಿತು. ಮೇಲೆ ಇನ್ನೂ ಜನ ಕೂಗುತ್ತಿದ್ದರು, ಅಂದರೆ ಇನ್ನೂ ಹಂದಿಗಳಿದ್ದವು. ನನಗೆ ಅದೆಲ್ಲ ತಿಳಿದಿತ್ತು. ಬಾಲ ಕಾಣುತ್ತಿತ್ತು. ಆಚೆ ಮರದ ಹಿಂದಿನಿಂದ ಪುಟ್ಟಸ್ವಾಮಿ ಇಣುಕಿ ನನ್ನತ್ತ ನೋಡಿ ಹಲ್ಲು ಬಿಟ್ಟ. ನಾಲ್ಕೈದು ಉಸಿರಿನಷ್ಟು ಹೊತ್ತು ತಡೆದೆ. ಆಮೇಲೆ ಓಡಿದೆ.

ಬಾಲ ಹಿಡಿದೆ. ಅದು ಬೆಚ್ಚಗೆ, ಒರಟಾಗಿ, ಒದ್ದೆಯಾಗಿತ್ತು. ಕೈಯೆತ್ತಿ ಪುಟ್ಟಸ್ವಾಮಿಯ ಕಡೆಗೆ ತೋರಿಸುವಷ್ಟರಲ್ಲಿ ಜರಿಗಿಡ ಹರಿದು ಇನ್ನೊಂದು ಹಂದಿ ನನ್ನ ಪಕ್ಕದಲ್ಲೇ ಹಾರಿತು. ತಿರುಗಿದರೆ ಪಟೇಲರ ತಮ್ಮನ ಕೋವಿ ಅದರ ಜೊತೆಗೇ ತಿರುಗುತ್ತಿದೆ. ಎರಡು ನಳಿಗೆಗಳ ದುಂಡಗಿನ ಬಾಯಿ ನನ್ನ ಎದೆಯ ಮಟ್ಟಕ್ಕೆ ಬಂದಿತು. ಈಗಲೂ ಕಚೇರಿಯಲ್ಲಿ ಯಾರಾದರೂ ಕನ್ನಡಕ ತೆಗೆದು ನನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರೆ ನಾನು ಎದ್ದು ಆಚೆಗೆ ಹೋಗುತ್ತೇನೆ. "ಕೂತ್ಕೊಳ್ಳೋ!" ಎಂಬ ಕೂಗು ಕೇಳಿತು, ಕಿವಿಯ ಹತ್ತಿರವೇ. ಬೆನ್ನಿಗೆ ಎರಡು ಅಂಗೈ ಬಿದ್ದವು. ಮುಖ ಹಂದಿಯ ಮೈಗೆ ಅಪ್ಪಳಿಸಿತು. ಈಡಿನ ಸದ್ದು ಅದಾದ ಮೇಲೋ ಜೊತೆಗೋ, ಅದೊಂದು ನನಗೆ ಇಂದಿಗೂ ಬಗೆಹರಿದಿಲ್ಲ.

ಎದ್ದಾಗ ಮೇಷ್ಟ್ರು ಕೂತಿದ್ದರು. ಬಿದ್ದಿರಲಿಲ್ಲ. ಪಾಠದ ನಡುವೆ ಸುಸ್ತಾಗಿ ಕುರ್ಚಿಯಲ್ಲಿ ಕೂತವರ ಹಾಗೆ, ಹೊಟ್ಟೆಯ ಮೇಲೆ ಕೋಟನ್ನು ಅದುಮಿಕೊಂಡು. ಜನ ಓಡಿ ಬಂದರು. ಅವರು ನನ್ನ ಕಡೆ ನೋಡಲಿಲ್ಲ. ಪಟೇಲರನ್ನು ಕೇಳಿದರು: "ಮೇಲಿನೋರು ಎಲ್ರೂ ಬಂದ್ರಾ? ಹನ್ನೊಂದು ಜನ." ಎಸ್ಟೇಟಿನ ಲಾರಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲಿಯೇ ಜೀವ ಹೋಯಿತು. ಅವರ ತಲೆ ನನ್ನ ಅದೇ ಪ್ಯಾಂಟಿನ ಮೇಲಿತ್ತು.

ಸಂಜೆ ನಾನು ಆಸ್ಪತ್ರೆಯಿಂದ ಮನೆಗೆ ಬಂದೆ. ಅವ್ವ ಮೇಷ್ಟ್ರ ಮನೆಯಲ್ಲಿ ಅತ್ತು ಆಗ ತಾನೆ ಬಂದು ಕಾಲು ತೊಳೆಯುತ್ತಿದ್ದಳು. ಪುಟ್ಟಸ್ವಾಮಿ ಬಾಳೆಲೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಜಗಲಿಯ ಮೇಲಿಟ್ಟ.

"ಏನ್ಲಾ ಅದು?"

"ಬಾಲದ ಪಾಲು, ಅತ್ತೆ."

"ಇವತ್ತೂ ಪಾಲು ಹಾಕಿದ್ರೇನ್ಲಾ?"

"ಬಿಸಿಲಿಗೆ ಕೆಟ್ಟೋಗ್ತದೆ ಅಂತ... ಪಟೇಲ್ರೇ ನಿಂತು ಹಾಕ್ಸಿದ್ರು. ಹೆಸ್ರು ಕೂಗ್ಲಿಲ್ಲ. ಸುಮ್ಕೆ ಕೊಟ್ ಬಾ ಅಂದ್ರು."

"ನಮ್ಮನೆಗೆ ಯಾಕೆ? ಬಾಲ ಹಿಡ್ದೋರ್ಯಾರು?"

ಪುಟ್ಟಸ್ವಾಮಿ ನನ್ನನ್ನು ನೋಡಿದ. ಅವ್ವನೂ ನನ್ನನ್ನು ನೋಡಿದಳು. "ತಗೊಂಡ್ ಹೋಗು" ಎಂದಳು. "ಪಾಲು ವಾಪಸ್ ತಗೊಳಂಗಿಲ್ಲ ಅತ್ತೆ" ಎಂದು ಅವನು ಹೊರಟುಹೋದ. ಅವ್ವ ಗುದ್ದಲಿ ತೆಗೆದುಕೊಂಡು ಹೋಗಿ ಅದನ್ನು ಗೊಬ್ಬರದ ಗುಂಡಿಯಾಚೆ ಹೂಳಿ ಬಂದಳು. ಆ ವಿಷಯವನ್ನು ಅವಳು ನನ್ನೊಡನೆ ಎಂದೂ ಎತ್ತಿಲ್ಲ.

ಮರುದಿನ ಮಹಜರು. ನಾಡಿನ ಕಂದಾಯದ ಅಧಿಕಾರಿ ಪಾರುಪತ್ಯಗಾರರು ಬಂದರು, ಠಾಣೆಯಿಂದ ದಫೇದಾರರು ಬಂದರು. ಅವರು ಕಾಫಿ ಕುಡಿಯುವಷ್ಟರಲ್ಲಿ ಪಟೇಲರು ನನ್ನನ್ನು ಕಣದ ಹಿಂದಕ್ಕೆ ಕರೆದರು. ಗದರಿಸುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೋಡು ಮಗ. ಒಬ್ರು ಹೋದ್ರು. ಹೋದೋರ್ನ ನಾನೂ ತರಕ್ಕಾಗಲ್ಲ, ನೀನೂ ತರಕ್ಕಾಗಲ್ಲ. ನೀನು ಓಡ್ದೆ ಅಂತ ಬರ್ಸಿದ್ರೆ ನಿನ್ನ ಓದು ಹಾಳು. ನನ್ನ ತಮ್ಮ ಅಡ್ಡಕ್ಕೆ ಹೊಡ್ದ ಅಂತ ಬರ್ಸಿದ್ರೆ ಅವನ ಮನೆ ಹಾಳು, ಊರಿನ ಕೋವಿಯೆಲ್ಲ ಠಾಣೆಗೆ ಹೋಗ್ತವೆ. ಮೇಷ್ಟ್ರು ಜಾಗ ಬಿಟ್ಟು ಬಂದಿದ್ದು ಸುಳ್ಳಲ್ಲವಲ್ಲ?"

"ಅವರು ಬಂದಿದ್ದು ನನಗೋಸ್ಕರ..."

"ಅದು ನಮಗೆ ಗೊತ್ತಿದೆಯಲ್ಲಪ್ಪ. ಸರ್ಕಾರಕ್ಕೆ ಯಾಕೆ ಬೇಕು? ಅವರಿದ್ದಿದ್ರೂ ಇದನ್ನೇ ಹೇಳೋರು. ನಿನ್ನ ಓದಿನ ಮೇಲೆ ಅವರಿಗೆಷ್ಟು ಜೀವ, ಗೊತ್ತಿಲ್ವಾ ನಿಂಗೆ?"

ಆ ಮಾತಿನಲ್ಲಿ ನನಗೆ ಸಮಾಧಾನ ಸಿಕ್ಕಿತು. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು. ನನಗೆ ನಿಜವಾಗಿ ಹಗುರವಾಯಿತು. ದಫೇದಾರರು "ನೀನು ನಿನ್ನ ಜಾಗದಲ್ಲೇ ಇದ್ಯಾ?" ಎಂದು ಕೇಳಿದರು. "ಇದ್ದೆ" ಎಂದೆ. ಪೆನ್ನು ಕೊಟ್ಟರು.

ಸರ್ಕಾರದ ಕಾಗದದಲ್ಲಿ ಸುಳ್ಳು ಬರೆಸಿದ ಇದೇ ಜನ ಬಾಲದ ಪಾಲಿನಲ್ಲಿ ಸುಳ್ಳಾಡಲು ಹೆದರಿದರು ಎಂಬುದು ನನಗೆ ಹೊಳೆದದ್ದು ಆಮೇಲೆ, ಮೈಸೂರಿನ ಹಾಸ್ಟೆಲಿನಲ್ಲಿ. ಪಾಲು ತಪ್ಪಿಸಿದರೆ ಮುಂದೆ ಬೇಟೆ ಸಿಗುವುದಿಲ್ಲ ಎಂಬ ನಂಬಿಕೆ ನಮ್ಮದು. ಹೀಗಾಗಿ ಪಾಲು ಪ್ರಾಮಾಣಿಕವಾಗಿ ಬಂತು. ನಾನು ಜಾಗ ಬಿಟ್ಟೆ ಎಂಬುದು ಆ ಸಂಜೆಯೇ ಪ್ರತಿ ಒಲೆಯ ಮುಂದೆ ಗೊತ್ತಿತ್ತು. ಗೊತ್ತಿದ್ದೂ ಅವರು ಮೇಷ್ಟ್ರನ್ನು ಬಿಟ್ಟುಕೊಟ್ಟರು. ಹೊರಗಿನವರು, ಹಂದಿ ತಿನ್ನದವರು, ಅನ್ನಿಸಿದ್ದನ್ನು ಮುಖಕ್ಕೇ ಹೇಳುತ್ತಿದ್ದವರು; ಬಿಟ್ಟುಕೊಡುವುದು ಸುಲಭವಾಯಿತು.

ಬಿಟ್ಟುಕೊಟ್ಟು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅದನ್ನು ಪಾಠ ಮಾಡಿಕೊಂಡರು. ಈಗ ಪ್ರತಿ ವರ್ಷ ಬೇಟೆಗೆ ಹೊರಡುವ ಮುಂಚೆ ಪಟೇಲರು ಹೇಳುವುದಿದೆ: "ಜಾಗ ಬಿಡಬೇಡ್ರಪ್ಪೋ. ಮೇಷ್ಟ್ರಿಗೆ ಏನಾಯ್ತು ನೋಡಿದ್ರಲ್ಲ." ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷತೆ ವಹಿಸಿ ಮಕ್ಕಳ ಮುಂದೆಯೂ ಅದನ್ನೇ ಹೇಳಿದರು, ಶಿಸ್ತಿನ ಬಗ್ಗೆ. ಆ ಸಭೆಯಲ್ಲಿ ನಾನಿದ್ದೆ. ಬಿ.ಎ. ಆಗಿ ಮಡಿಕೇರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ಹಳೆಯ ವಿದ್ಯಾರ್ಥಿ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಆ ಚಪ್ಪಾಳೆ ತಟ್ಟಿದ ಮೇಲೆ ನನಗೆ ಊಟ ಸೇರದಾಯಿತು. ಹೇಳಿಕೆ ತಿದ್ದಬೇಕೆಂದು ಅರ್ಜಿ ಬರೆದು ಪಾರುಪತ್ಯಗಾರರ ಕಚೇರಿಗೆ ಒಯ್ದೆ. ಅಲ್ಲಿನ ಗುಮಾಸ್ತರು ನನ್ನಂಥವರೇ, ವಯಸ್ಸಾದವರು. ಓದಿ, ಮಡಿಚಿ, ನನ್ನ ಕೈಗೇ ಕೊಟ್ಟರು. "ಮುಗಿದ ಫೈಲು ಕಣಯ್ಯ. ಕೊಡಗು ಮೈಸೂರಿಗೆ ಸೇರುತ್ತೋ ಬಿಡುತ್ತೋ ಅಂತ ನಮ್ಮ ಕುರ್ಚಿಗಳೇ ಅಲ್ಲಾಡ್ತಿವೆ. ಸತ್ತೋರ ಫೈಲು ಯಾರು ತೆಗೀತಾರೆ? ಸುಳ್ಳು ಸಾಕ್ಷಿ ಹೇಳ್ದೆ ಅಂತ ನೀನೇ ಬರ್ಕೊಟ್ರೆ ನಿನ್ನ ನೌಕರಿನೂ ಹೋಗುತ್ತೆ. ಮನೆಗೆ ಹೋಗು." ನೌಕರಿಯ ಮಾತು ಬಂದ ಕೂಡಲೆ ನಾನು ಅರ್ಜಿಯನ್ನು ಜೇಬಿಗೆ ಹಾಕಿಕೊಂಡೆ. ಅದೂ ನಿಜ.

ಆದರೂ ಒಂದು ಮಾಡಿದೆ. ಒಂದು ಭಾನುವಾರ ಆ ಜಾಗಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆದೆ. ನಂದಿ ಮರದಿಂದ ಹಂದಿ ಬಿದ್ದಲ್ಲಿಗೆ ಮೂವತ್ತೆಂಟು, ಇಳಿಜಾರು. ಬಂಡೆಯಿಂದ ಅಲ್ಲಿಗೆ ನೂರಾ ಹನ್ನೆರಡು, ನಡುವೆ ಒಂದು ಚರಂಡಿ. ನನಗೆ ಆಗ ಹತ್ತೊಂಬತ್ತು, ಕಾಲಿಗೆ ಬೂಟು. ಅವರಿಗೆ ಐವತ್ತು ದಾಟಿತ್ತು, ಕಚ್ಚೆ ಪಂಚೆ, ಚರ್ಮದ ಮೆಟ್ಟು. ನಾನು ಬಾಲ ಹಿಡಿದು ಕೈಯೆತ್ತುವಷ್ಟರಲ್ಲಿ ಅವರು ನನ್ನ ಬೆನ್ನ ಹಿಂದೆ ಇದ್ದರು. ನಾನು ಓಡಿದ್ದನ್ನು ಕಂಡು ಅವರು ಓಡಿದ್ದರೆ ಅರ್ಧದಾರಿಗೂ ಬಂದಿರಲಾರರು. ಮೂರು ಸಲ ಓಡಿ ನೋಡಿದೆ, ಮೂರು ಸಲವೂ ಲೆಕ್ಕ ಒಂದೇ. ಅವರು ಹೊರಟದ್ದು ಪಟೇಲರ ಈಡು ಬಿದ್ದ ಕ್ಷಣದಲ್ಲಿ. ನಾನು ಮರದ ಹಿಂದೆ ಉಸಿರು ಹಿಡಿದು ಯೋಚಿಸುತ್ತಿದ್ದಾಗ ಅವರು ಆಗಲೇ ಚರಂಡಿ ದಾಟುತ್ತಿದ್ದರು. ಸೀಟಿ ಊದುವಂತಿರಲಿಲ್ಲ, ಊದಿದರೆ ಎಲ್ಲರೂ ಜಾಗ ಬಿಟ್ಟು ನುಗ್ಗುತ್ತಿದ್ದರು. ಕೂಗಿದರೆ ಮೇಲಿನವರ ಗದ್ದಲದಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಅವರ ಬಳಿ ಉಳಿದದ್ದು ಕಾಲು ಮಾತ್ರ.

ನನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಿತ್ತು, ನಾನು ಓಡುತ್ತೇನೆಂದು. ಆರು ವರ್ಷ ನನ್ನನ್ನು ನೋಡಿದ್ದರು. ಮಹಜರಿನಲ್ಲಿ ಬರೆದದ್ದು ಹೀಗೆ ಅಕ್ಷರಶಃ ನಿಜವಾಯಿತು: ಆ ದಿನ ಎಲ್ಲರಿಗಿಂತ ಮೊದಲು ಜಾಗ ಬಿಟ್ಟವರು ಮೇಷ್ಟ್ರೇ.

ಇದನ್ನು ಹೇಳಬೇಕೆಂದು ಹೋದ ತಿಂಗಳು ಅವರ ಮನೆಯವರನ್ನು ಹುಡುಕಿಕೊಂಡು ಹೋದೆ. ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮೋರು ಎನ್ನುತ್ತಿದ್ದವರು, ಮಗಳೊಂದಿಗೆ ಅಣ್ಣನ ಮನೆ ಸೇರಿದ್ದಾರೆ. ಹೊಳೆ ದಾಟಿದರೆ ಮೈಸೂರು ರಾಜ್ಯ. ಎರಡು ಬಸ್ಸು ಬದಲಿಸಿ, ಮೂರು ಮೈಲಿ ನಡೆದೆ. ಅಮ್ಮೋರು ಚಾಪೆ ಹಾಕಿ, ಲೋಟದಲ್ಲಿ ಮಜ್ಜಿಗೆ ತಂದಿಟ್ಟು, ಎದುರಿಗೆ ಗೋಡೆಗೆ ಒರಗಿ ಕೂತರು. ನಾನು ಎಲ್ಲವನ್ನೂ ಹೇಳಿದೆ. ಪುಟ್ಟಸ್ವಾಮಿಯ ಮಾತು, ಬಾಲ, ಕೋವಿ, ಬಾಳೆಲೆಯ ಗಂಟು, ರುಜು, ನೂರಾ ಹನ್ನೆರಡು ಹೆಜ್ಜೆ.

"ಈಗ ಯಾಕೆ ಬಂದಿ?" ಎಂದರು ಅಮ್ಮೋರು.

"ತಪ್ಪಾಯ್ತು ಅಂತ ಹೇಳೋಕೆ, ಅಮ್ಮೋರೇ. ಕ್ಷಮಿಸಿ ಅಂತ..."

"ಕ್ಷಮಿಸಿದೆ ಅಂದ್ರೆ ನೀನು ಇವತ್ತು ನಿದ್ದೆ ಮಾಡ್ತಿ. ಅದ್ರಿಂದ ಅವರಿಗೇನು ಬಂತು?" ಧ್ವನಿ ಏರಲಿಲ್ಲ. "ಇಪ್ಪತ್ತೆರಡು ವರ್ಷ ಬಾಳ್ವೆ ಮಾಡಿದೀನಿ ಕಣೋ ಅವರ ಜೊತೆ. ಅವರು ಸುಮ್ಸುಮ್ನೆ ಜಾಗ ಬಿಡೋರಲ್ಲ ಅನ್ನೋದನ್ನ ನೀನು ಬಂದು ಹೇಳ್ಬೇಕಿತ್ತಾ ನಂಗೆ? ಗೊತ್ತಿಲ್ಲದೋರಿಗೆ ಹೇಳು."

"ಯಾರಿಗೆ ಹೇಳ್ಲಿ? ಊರಲ್ಲಿ ಎಲ್ಲರಿಗೂ ಗೊತ್ತು."

"ನಮ್ಮನೇಲಿ ಒಬ್ಬಳಿಗೆ ಗೊತ್ತಿಲ್ಲ" ಎಂದು ಒಳಗೆ ತಿರುಗಿ ಕರೆದರು. "ಪುಟ್ಟೀ, ಬಾ ಇಲ್ಲಿ."

ಹುಡುಗಿಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ಅಪ್ಪನ ಹಾಗೆ ಕುಳ್ಳು, ಅದೇ ಅಗಲ ಹಣೆ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇವರು ನಿಮ್ಮಪ್ಪನ ವಿದ್ಯಾರ್ಥಿ. ಅಪ್ಪ ಹ್ಯಾಗೆ ಹೋದ್ರು ಅಂತ ಹೇಳ್ತಾರೆ, ಕೇಳ್ಕೋ."

"ಗೊತ್ತು" ಎಂದಳು ಅವಳು, ನೆಲ ನೋಡುತ್ತ. "ಜಾಗ ಬಿಡಬೇಡಿ ಅಂತ ಎಲ್ರಿಗೂ ಹೇಳಿ ಅಪ್ಪನೇ ಓಡಿದ್ರಂತೆ. ಸ್ಕೂಲಲ್ಲಿ ಹೇಳಿದ್ರು."

ಪಟೇಲರ ಭಾಷಣ ಹೊಳೆ ದಾಟಿ ಅಲ್ಲಿಗೂ ಬಂದಿತ್ತು. ನಾನು ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ದೊಡ್ಡವರ ಮುಂದೆ ಹೇಳಿದ್ದಕ್ಕಿಂತ ನಿಧಾನವಾಗಿ, ಏನನ್ನೂ ಬಿಡದೆ. ನನ್ನ ಹೆಸರು ಬರುವಲ್ಲೆಲ್ಲ 'ನಾನು' ಎಂದೇ ಹೇಳಿದೆ. ಅವಳು ಬಾಗಿಲು ಬಿಟ್ಟು ಬಂದು ಅಮ್ಮನ ಪಕ್ಕ ಕೂತಳು. ನಾನು ಮುಗಿಸಿದ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ನೀವು ಓಡದೇ ಇದ್ದಿದ್ರೆ ಅಪ್ಪ ಇರ್ತಿದ್ರಾ?"

ಅಮ್ಮೋರು ನನ್ನ ನೆರವಿಗೆ ಬರಲಿಲ್ಲ.

"ಇರ್ತಿದ್ರು" ಎಂದೆ.

ಅವಳು ಎದ್ದು ಒಳಗೆ ಹೋದಳು. ಅಳುವ ಸದ್ದು ಕೇಳಿಸೀತೆಂದು ಕಾದೆ, ಕೇಳಿಸಲಿಲ್ಲ. ನಾನು ಮುಟ್ಟದೆ ಉಳಿದಿದ್ದ ಮಜ್ಜಿಗೆಯ ಲೋಟವನ್ನು ಅಮ್ಮೋರು ನನ್ನ ಮುಂದಿನಿಂದ ಎತ್ತಿಕೊಂಡರು.

"ಕೊನೇ ಬಸ್ಸು ಐದಕ್ಕೆ" ಎಂದರು. "ಹೊರಡು."